ಉಪ್ಪುನೀರಿನ ಕೊಳ: ಪಂಪು ಎಷ್ಟು ಗಂಟೆ, ಕ್ಲೋರಿನ್ ಎಷ್ಟು ಗ್ರಾಂ?

ಪ್ರಶ್ನೆ: ಗೋಕರ್ಣದ ಸಮೀಪ ನಮ್ಮದೊಂದು ಹೋಮ್‌ಸ್ಟೇ ಇದೆ. ಈಜುಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲ. ಆಳ ಒಂದು ತುದಿಯಲ್ಲಿ 1.1, ಇನ್ನೊಂದು ತುದಿಯಲ್ಲಿ 1.7 ಮೀಟರ್. ಕಳೆದ ನವೆಂಬರಿನಲ್ಲಿ ಉಪ್ಪಿನ ಕ್ಲೋರಿನೇಟರ್ ಹಾಕಿಸಿದೆವು. ಅದರ ಮೇಲೆ ಗಂಟೆಗೆ 20 ಗ್ರಾಂ ಎಂದು ಬರೆದಿದೆ. ಕೂರಿಸಿದವರು 50 ಪರ್ಸೆಂಟಿಗೆ ಇಟ್ಟು ಹೋದರು. ಪಂಪು 1 ಎಚ್‌ಪಿಯದು, ಬೆಳಿಗ್ಗೆ 6ರಿಂದ 11ರವರೆಗೆ ಓಡುತ್ತದೆ. ಜನವರಿಯವರೆಗೆ ಹಳೆಯ ರೂಢಿಯಂತೆ ವಾರಕ್ಕೆ ಎರಡು ಕ್ಲೋರಿನ್ ಮಾತ್ರೆಗಳನ್ನೂ ಹಾಕುತ್ತಿದ್ದೆವು. ಡಬ್ಬಿ ಖಾಲಿಯಾದ ಮೇಲೆ ಬಿಟ್ಟೆವು. ಮಾರ್ಚಿನಿಂದ ನೀರು ಮಬ್ಬಾಗಿದೆ, ಮೆಟ್ಟಿಲು ಜಾರುತ್ತಿದೆ. 100 ಪರ್ಸೆಂಟಿಗೆ ಏರಿಸಿದರೂ ಸಂಜೆ ಪರೀಕ್ಷಿಸಿದಾಗ ಕ್ಲೋರಿನ್ ಇರುವುದಿಲ್ಲ. ಪರದೆಯ ಮೇಲೆ ಉಪ್ಪು 2600 ಎಂದು ಬರುತ್ತಿದೆ. ಪಕ್ಕದ ಸಾಣಿಕಟ್ಟಾದ ಗದ್ದೆಗಳ ಉಪ್ಪು ಎರಡು ಚೀಲ ಹಾಕಿದರೆ ಸರಿಹೋದೀತೇ? ಯಂತ್ರವೇ ಕೆಟ್ಟಿದೆಯೇ? ಪಂಪನ್ನು ಇನ್ನೂ ಹೆಚ್ಚು ಹೊತ್ತು ಓಡಿಸಬೇಕೆಂದರೆ ಕರೆಂಟ್ ಬಿಲ್ಲಿನ ಗತಿಯೇನು?

ಉತ್ತರ: ಉಪ್ಪಿನ ಚೀಲಗಳನ್ನು ಸದ್ಯಕ್ಕೆ ಬಿಚ್ಚಬೇಡಿ. ನಿಮ್ಮ ಯಂತ್ರ ಬಹುಶಃ ಸರಿಯಾಗಿಯೇ ಇದೆ. ಅದಕ್ಕೆ ಕೆಲಸ ಮಾಡಲು ನೀವು ಕೊಟ್ಟಿರುವ ಹೊತ್ತು ಸಾಲದು, ಅಷ್ಟೇ.

ಆ ಪರ್ಸೆಂಟ್ ಗುಂಡಿಯನ್ನು ಬಹಳ ಜನ ಫ್ಯಾನಿನ ರೆಗ್ಯುಲೇಟರಿನಂತೆ ಭಾವಿಸುತ್ತಾರೆ. ತಿರುಗಿಸಿದಷ್ಟೂ ಯಂತ್ರ ಜೋರಾಗಿ ಕ್ಲೋರಿನ್ ಉಗುಳುತ್ತದೆ ಎಂಬ ನಂಬಿಕೆ. ಬಹುತೇಕ ಯಂತ್ರಗಳಲ್ಲಿ ಅದು ತೋರಿಸುವುದು ವೇಳೆಯ ಪಾಲನ್ನು. 50 ಎಂದು ಇಟ್ಟರೆ, ಪಂಪು ಓಡುವ ಹೊತ್ತಿನ ಅರ್ಧ ಭಾಗ ಸೆಲ್ (ಉಪ್ಪುನೀರಿಗೆ ಕರೆಂಟ್ ಹಾಯಿಸಿ ಕ್ಲೋರಿನ್ ತಯಾರಿಸುವ ಭಾಗ) ಪೂರ್ಣ ಶಕ್ತಿಯಲ್ಲಿ ಕೆಲಸ ಮಾಡುತ್ತದೆ, ಉಳಿದರ್ಧ ಸುಮ್ಮನೆ ಕುಳಿತಿರುತ್ತದೆ. ನಡುನಡುವೆ ದೀಪ ಆರಿದ್ದನ್ನು ಕಂಡು ಯಂತ್ರ ಕೆಟ್ಟಿತೆಂದು ಫೋನ್ ಮಾಡುವವರಿಗೆ ನಾನು ಹೇಳುವುದು ಇದನ್ನೇ: ಅದು ವಿರಾಮದಲ್ಲಿದೆ, ಸ್ವಲ್ಪ ಕಾದು ನೋಡಿ. ಪಂಪು ನಿಂತಿತೆಂದರೆ ಸೆಲ್ಲೂ ನಿಂತಿತು. ಹಾಗಾಗಿ 11 ಗಂಟೆಯ ನಂತರ ನಿಮ್ಮ 100 ಪರ್ಸೆಂಟ್ ಎಂಬುದಕ್ಕೆ ಅರ್ಥವೇ ಇಲ್ಲ.

ಲೆಕ್ಕವನ್ನು ಗ್ರಾಂಗಳಲ್ಲಿ ಮಾಡಿದರೆ ಎಲ್ಲವೂ ತಿಳಿಯಾಗುತ್ತದೆ. ನಿಮ್ಮ ಕೊಳದ ಸರಾಸರಿ ಆಳ 1.4 ಮೀಟರ್. 8ನ್ನು 4ರಿಂದ, ಅದನ್ನು 1.4ರಿಂದ ಗುಣಿಸಿದರೆ ಸುಮಾರು 45 ಘನ ಮೀಟರ್, ಅಂದರೆ 45,000 ಲೀಟರ್. ಒಂದು ಘನ ಮೀಟರ್ ನೀರಿಗೆ ಒಂದು ಗ್ರಾಂ ಕ್ಲೋರಿನ್ ಬೆರೆತರೆ 1 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ನಿಮ್ಮ ಕೊಳದಲ್ಲಿ 1 ಪಿಪಿಎಂ ಏರಿಸಬೇಕಾದರೆ 45 ಗ್ರಾಂ ಬೇಕು. ಈ 45 ಎಂಬ ಅಂಕಿಯನ್ನು ಪಂಪಿನ ಕೋಣೆಯ ಗೋಡೆಯ ಮೇಲೆ ಬರೆದಿಡಿ, ಮುಂದಿನ ಎಲ್ಲ ಲೆಕ್ಕಕ್ಕೂ ಬೇಕಾಗುತ್ತದೆ.

ಬಯಲಿನಲ್ಲಿರುವ ಕೊಳ ದಿನಕ್ಕೆ 2ರಿಂದ 4 ಪಿಪಿಎಂ ಕ್ಲೋರಿನ್ ಕಳೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಕೆಳಗಿನ ಅಂಚು, ಏಪ್ರಿಲ್–ಮೇ ತಿಂಗಳಲ್ಲಿ ಅತಿಥಿಗಳು ತುಂಬಿದ್ದಾಗ ಮೇಲಿನ ಅಂಚು. ನವೆಂಬರಿನಲ್ಲಿ ನಿಮ್ಮ ಯಂತ್ರ 5 ಗಂಟೆ, ಅರ್ಧ ಹೊತ್ತು, ಗಂಟೆಗೆ 20 ಗ್ರಾಂನಂತೆ ಕೊಡುತ್ತಿದ್ದದ್ದು 50 ಗ್ರಾಂ. ಅದು ಕೊಳಕ್ಕೆ ದಿನಕ್ಕೆ 1.1 ಪಿಪಿಎಂ. ಹಾಗಾದರೆ ಜನವರಿಯವರೆಗೆ ನೀರು ಚೆನ್ನಾಗಿದ್ದದ್ದು ಹೇಗೆ? ನೀವು ಹಳೆಯ ರೂಢಿಯೆಂದು ಹಗುರವಾಗಿ ಬರೆದಿರುವ ಆ ಮಾತ್ರೆಗಳಿಂದ. ಪೇಟೆಯಲ್ಲಿ ಸಿಗುವ ದೊಡ್ಡ ಟಿಸಿಸಿಎ (ಟ್ರೈಕ್ಲೋರೋ ಐಸೋಸಯನ್ಯೂರಿಕ್ ಆಮ್ಲ) ಮಾತ್ರೆ 200 ಗ್ರಾಂ ತೂಗುತ್ತದೆ, ಅದರಲ್ಲಿ ಶೇ 90ರಷ್ಟು ಕ್ಲೋರಿನ್ ಬಲ. ವಾರಕ್ಕೆ ಎರಡು ಎಂದರೆ 360 ಗ್ರಾಂ, ಅಂದರೆ ದಿನಕ್ಕೆ ಇನ್ನೊಂದು 1.1 ಪಿಪಿಎಂ. ಯಂತ್ರ ಅರ್ಧ ದುಡಿಯಿತು, ಮಾತ್ರೆ ಅರ್ಧ ದುಡಿಯಿತು. ಹೆಸರು ಮಾತ್ರ ಯಂತ್ರಕ್ಕೆ ಬಂತು. ಮಾತ್ರೆ ನಿಂತಿತು, ಬಿಸಿಲೇರಿತು, ಮಾರ್ಚಿನಲ್ಲಿ ಪಾಚಿ ಬಂತು. ಈಗ 100ಕ್ಕೆ ಇಟ್ಟರೂ 5 ಗಂಟೆಗೆ ಸಿಗುವುದು 100 ಗ್ರಾಂ, 2.2 ಪಿಪಿಎಂ. ನಿಮ್ಮ ನೀರು ಈಗ ಕೇಳುತ್ತಿರುವುದು 135ರಿಂದ 180 ಗ್ರಾಂ. ದಿನವೂ ಸಾಲ ಬೆಳೆಯುತ್ತಿದೆ. ಅದರ ಜೊತೆಗೆ ಪಾಚಿಯೂ ಕ್ಲೋರಿನ್ ತಿನ್ನುತ್ತಿದೆ.

ಇನ್ನು ಉಪ್ಪು. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆ ಅಡುಗೆಮನೆಯಲ್ಲಿ ಸರಿ. ಸೆಲ್ಲಿಗೆ ಬೇಕಾದಷ್ಟು ಉಪ್ಪು ನೀರಿನಲ್ಲಿದ್ದ ಮೇಲೆ ಇನ್ನಷ್ಟು ಸುರಿದರೆ ಕ್ಲೋರಿನ್ ಹೆಚ್ಚುವುದಿಲ್ಲ. ಸಾಮಾನ್ಯವಾಗಿ 3000ರಿಂದ 3500 ಪಿಪಿಎಂ ಕೇಳುತ್ತಾರೆ. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಇರುವ ಅಂಕಿಯೇ ಅಂತಿಮ. ಸಮುದ್ರದ ನೀರಿನಲ್ಲಿ ಸುಮಾರು 35,000 ಇರುತ್ತದೆ, ಇದು ಅದರ ಹತ್ತನೆಯ ಒಂದು ಪಾಲು. ನೀವು ಹೇಳಿದ ಎರಡು ಚೀಲ 50 ಕಿಲೋದವಾದರೆ 100 ಕಿಲೋ ಉಪ್ಪು 45,000 ಲೀಟರಿನಲ್ಲಿ ಸುಮಾರು 2200 ಪಿಪಿಎಂ ಏರಿಸುತ್ತದೆ. 2600 ಎಂಬುದು ನಿಜವೇ ಆಗಿದ್ದರೂ ಅದು 4800ಕ್ಕೆ ಹೋಯಿತು. ಉಪ್ಪು ಅತಿಯಾಯಿತೆಂದು ಅನೇಕ ಯಂತ್ರಗಳು ಕೈಕಟ್ಟಿ ಕೂರುವ ಮಟ್ಟ ಅದು. ಹಾಕಿದ ಉಪ್ಪನ್ನು ತೆಗೆಯಲು ನೀರು ಚೆಲ್ಲುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ಮೇ ತಿಂಗಳಲ್ಲಿ ಬಾವಿ ತಳ ಕಂಡಿರುವಾಗ ಆ ಸಂಕಟ ಯಾರಿಗೂ ಬೇಡ.

ಆದರೆ ಆ 2600 ನಿಜವೇ ಎಂಬುದು ನನ್ನ ಅನುಮಾನ. ಅನೇಕ ಯಂತ್ರಗಳು ಉಪ್ಪನ್ನು ನೇರವಾಗಿ ಅಳೆಯುವುದಿಲ್ಲ. ಸೆಲ್ಲಿನ ತಗಡುಗಳ ನಡುವೆ ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದನ್ನು ನೋಡಿ ಉಪ್ಪನ್ನು ಊಹಿಸುತ್ತವೆ. ತಗಡಿಗೆ ಸುಣ್ಣ ಕಟ್ಟಿದರೆ ಕರೆಂಟ್ ಇಳಿಯುತ್ತದೆ, ಪರದೆ ಉಪ್ಪು ಕಡಿಮೆ ಎನ್ನುತ್ತದೆ, ಮನೆಯವರು ಚೀಲ ತರುತ್ತಾರೆ. ಈ ಬಲೆಗೆ ಬಿದ್ದ ಕೊಳಗಳನ್ನು ನಾನು ಎಷ್ಟೋ ನೋಡಿದ್ದೇನೆ. ಉಪ್ಪಿನ ಪರೀಕ್ಷಾ ಪಟ್ಟಿಯಿಂದಲೋ ಬೇರೊಂದು ಮೀಟರಿನಿಂದಲೋ ಒಮ್ಮೆ ಅಳೆಯಿರಿ. ನಂತರ ಮೇನ್ ಸ್ವಿಚ್ ಆರಿಸಿ, ವಾಲ್ವ್ ಮುಚ್ಚಿ, ಸೆಲ್ಲನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಟೈಟೇನಿಯಂ ತಗಡುಗಳು ಪುಸ್ತಕದ ಹಾಳೆಗಳಂತೆ ಸಾಲಾಗಿ ನಿಂತಿರುತ್ತವೆ, ನಡುವೆ ಬೆಳಕು ಸೀಳಿ ಬರಬೇಕು. ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವಂಥ ಬಿಳಿ ಹೆಕ್ಕಳೆ ಸಂದುಗಳಲ್ಲಿ ಕಂಡರೆ, ಅದೇ ನಿಮ್ಮ ಕಳೆದುಹೋದ ಉಪ್ಪು. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ತಗಡಿನ ಮೇಲೆ ರುಥೇನಿಯಂ ಅಥವಾ ಇರಿಡಿಯಂ ಆಕ್ಸೈಡಿನ ತೆಳುವಾದ ಲೇಪವಿದೆ, ಯಂತ್ರದ ಬೆಲೆಯೆಲ್ಲ ಇರುವುದು ಅದರಲ್ಲಿ. ಹತ್ತು ಪಾಲು ನೀರಿಗೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿ (ನೀರಿಗೆ ಆಸಿಡ್; ಆಸಿಡಿಗೆ ನೀರು ಎಂದಿಗೂ ಅಲ್ಲ), ಬಯಲಿನಲ್ಲಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ನೊರೆ ನಿಲ್ಲುವವರೆಗೆ ಕೆಲವು ನಿಮಿಷ ನೆನೆಸಿ, ತೊಳೆದರೆ ಸಾಕು. ಪದೇ ಪದೇ ಮಾಡಿದರೆ ಲೇಪ ಸವೆಯುತ್ತದೆ. ಹೆಕ್ಕಳೆ ಇಲ್ಲದಿದ್ದರೆ ಆಸಿಡನ್ನು ಮುಟ್ಟಲೇಬೇಡಿ.

ಸಾಣಿಕಟ್ಟಾದ ಉಪ್ಪಿನ ಬಗ್ಗೆ ಕೇಳಿದ್ದೀರಿ. ಕಣ್ಣೆದುರಿಗೇ ಉಪ್ಪಿನ ರಾಶಿ ಇರುವಾಗ ದೂರದ ಊರಿನ ಉಪ್ಪಿಗೆ ದುಡ್ಡು ಕೊಡಲು ಮನಸ್ಸಾಗದು, ನಿಜ. ಮಾವಿನ ಮಿಡಿ ಹಾಕುವುದಕ್ಕೆ ಅದಕ್ಕೆ ಸಾಟಿಯಿಲ್ಲ, ನಮ್ಮ ಮನೆಯಲ್ಲೂ ಅದೇ. ಆದರೆ ಗದ್ದೆಯಿಂದ ಎಳೆದ ಹರಳುಪ್ಪಿನ ಜೊತೆ ಸ್ವಲ್ಪ ಮಣ್ಣು, ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂ ಬರುತ್ತವೆ. ಕಬ್ಬಿಣ ಟೈಲ್ಸಿನ ಮೇಲೆ ಕಂದು ಕಲೆಯಾಗುತ್ತದೆ, ಕ್ಯಾಲ್ಸಿಯಂ ಸೆಲ್ಲಿನಲ್ಲಿ ಹೆಕ್ಕಳೆಯಾಗುತ್ತದೆ. ಅಯೋಡಿನ್ ಸೇರಿಸದ, ಗಂಟುಕಟ್ಟದಂತೆ ತಡೆಯುವ ಪದಾರ್ಥ ಬೆರೆಸದ, ಶುದ್ಧೀಕರಿಸಿದ ಉಪ್ಪು ತರಿಸಿ. ಸಮುದ್ರದ ನೀರನ್ನೇ ಟ್ಯಾಂಕರಿನಲ್ಲಿ ತಂದು ಹತ್ತಕ್ಕೆ ಒಂದರಂತೆ ಬೆರೆಸಿದರಾಗದೇ ಎಂದು ಹಿಂದೆ ಒಬ್ಬರು ಕೇಳಿದ್ದರು. ಲೆಕ್ಕ ಸರಿ, ರಸಾಯನ ತಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ 65 ಮಿಲಿಗ್ರಾಂ ಆಸುಪಾಸಿನ ಬ್ರೋಮೈಡ್ ಇರುತ್ತದೆ. ಕ್ಲೋರಿನ್ ಅದನ್ನು ಬ್ರೋಮಿನ್ ಆಗಿ ಮಾರ್ಪಡಿಸುತ್ತದೆ, ಆ ಬ್ರೋಮಿನ್‌ಗೆ ಬಿಸಿಲಿನಿಂದ ರಕ್ಷಣೆ ಕೊಡುವ ಪದಾರ್ಥವೇ ಇಲ್ಲ. ಮಧ್ಯಾಹ್ನದೊಳಗೆ ಎಲ್ಲವೂ ಮಾಯ.

ಕ್ಲೋರಿನ್‌ಗಾದರೆ ಆ ರಕ್ಷಣೆ ಉಂಟು. ಅದು ಸಯನ್ಯೂರಿಕ್ ಆಮ್ಲ; ಅಂಗಡಿಯಲ್ಲಿ ಸ್ಟೆಬಿಲೈಜರ್ ಎಂದು ಕೇಳಿ. ನೀವು ಅದನ್ನು ಅಳೆದ ಸುದ್ದಿಯೇ ಪತ್ರದಲ್ಲಿಲ್ಲ, ನನಗೆ ಎಲ್ಲಕ್ಕಿಂತ ಚಿಂತೆ ಹುಟ್ಟಿಸಿದ್ದು ಅದು. ಸ್ಟೆಬಿಲೈಜರ್ ಇಲ್ಲದ ನೀರಿನಲ್ಲಿ ನಮ್ಮ ಕರಾವಳಿಯ ಏಪ್ರಿಲ್ ಬಿಸಿಲು ಎರಡು ಮೂರು ಗಂಟೆಯೊಳಗೆ ಕ್ಲೋರಿನ್ನಿನ ಬಹುಪಾಲನ್ನು ಹೊಡೆದುಹಾಕುತ್ತದೆ. ನೀವು ಬೆಳಿಗ್ಗೆ 6ರಿಂದ 11ರವರೆಗೆ ತಯಾರಿಸಿ, ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಸರಿಯಾಗಿ ಅವನ ಕೈಗೆ ಒಪ್ಪಿಸುತ್ತಿದ್ದೀರಿ! ಟಿಸಿಸಿಎ ಮಾತ್ರೆಯಲ್ಲಿ ಈ ಆಮ್ಲವೂ ಸೇರಿರುತ್ತದೆ. ಮಾತ್ರೆಯಿಂದ 10 ಪಿಪಿಎಂ ಕ್ಲೋರಿನ್ ಬಂದರೆ ಜೊತೆಗೆ 6 ಪಿಪಿಎಂ ಸಯನ್ಯೂರಿಕ್ ಬರುತ್ತದೆ. ಆ ಒಂಬತ್ತು ಹತ್ತು ವಾರಗಳ ಮಾತ್ರೆಯಿಂದ ನಿಮ್ಮ ಕೊಳದಲ್ಲಿ 45ರ ಆಸುಪಾಸು ಸೇರಿರಬೇಕು. ಫಿಲ್ಟರ್ ಬ್ಯಾಕ್‌ವಾಶ್ ಮಾಡುವಾಗ (ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವಾಗ) ಚೆಲ್ಲಿದ್ದು ಕಳೆದು 30–35 ಉಳಿದಿರಬಹುದು. ಇದು ನನ್ನ ಅಂದಾಜು. ಕಪ್ಪು ಚುಕ್ಕೆ ಮರೆಯಾಗುವವರೆಗೆ ನೀರು ಸುರಿಯುವ ಪರೀಕ್ಷೆಯಿಂದ ನೀವು ಅಳೆಯಿರಿ. ಉಪ್ಪಿನ ಕ್ಲೋರಿನೇಟರ್ ಇರುವ, ಪೂರ್ತಿ ಬಿಸಿಲು ಬೀಳುವ ಕೊಳಕ್ಕೆ 60ರಿಂದ 70 ಇರಲಿ ಎನ್ನುವವನು ನಾನು. ಕೆಲವು ಕೈಪಿಡಿಗಳು 30–50 ಸಾಕೆನ್ನುತ್ತವೆ. ನಮ್ಮ ಬಿಸಿಲಿಗೆ ಅದು ಸಾಲದು. 30 ಪಿಪಿಎಂ ಏರಿಸಲು ನಿಮಗೆ 1.35 ಕಿಲೋ ಬೇಕು. ಪಾಚಿ ಹೋದ ಮೇಲೆ ಅದನ್ನು ಹಳೆಯ ಕಾಲುಚೀಲದಲ್ಲಿ ತುಂಬಿ, ನೀರು ಕೊಳಕ್ಕೆ ಮರಳುವ ಬಾಯಿಯ ಮುಂದೆ ತೂಗುಹಾಕಿ. ನಿಧಾನವಾಗಿ ಕರಗುತ್ತದೆ, ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲು ಒಂದು ವಾರವೇ ಆದೀತು. ಒಂದು ಷರತ್ತು ಇದೆ: ಸ್ಟೆಬಿಲೈಜರ್ ಹೆಚ್ಚಾದಷ್ಟೂ ಕ್ಲೋರಿನ್ ಮಂದವಾಗುತ್ತದೆ. ಆದ್ದರಿಂದ ಅದು 65 ಇರುವಾಗ ಮುಕ್ತ ಕ್ಲೋರಿನ್ (ಇನ್ನೂ ಖರ್ಚಾಗದೆ ಕೆಲಸಕ್ಕೆ ಸಿಗುವ ಕ್ಲೋರಿನ್) 3ಕ್ಕಿಂತ ಕೆಳಗಿಳಿಯದೆ 4–5ರ ಸುತ್ತ ಇರಬೇಕು.

ಇಷ್ಟಾದರೂ ಈಗ ಬಂದಿರುವ ಪಾಚಿಯನ್ನು ಕೊಲ್ಲಲು ಯಂತ್ರವನ್ನು ನಂಬಬೇಡಿ. ಅದು ದಿನದ ಖರ್ಚು ತೂಗಿಸುವ ಸಂಬಳದಂತೆ, ಹಳೆಯ ಸಾಲ ತೀರಿಸುವ ಇಡುಗಂಟಲ್ಲ. ಸ್ಟೆಬಿಲೈಜರ್ 35 ಇದ್ದರೆ ಕ್ಲೋರಿನ್ ಅನ್ನು ಒಮ್ಮೆಲೇ 14 ಪಿಪಿಎಂಗೆ ಏರಿಸಬೇಕು, ಅದು 630 ಗ್ರಾಂ. ನಿಮ್ಮ ಸೆಲ್ಲಿಗೆ 31 ಗಂಟೆಯ ದುಡಿಮೆ; ಅಷ್ಟರಲ್ಲಿ ಪಾಚಿ ಅರ್ಧವನ್ನು ನುಂಗಿರುತ್ತದೆ. ದ್ರವ ಸೋಡಿಯಂ ಹೈಪೋಕ್ಲೋರೈಟ್ ಶೇ 10ರದ್ದು ಆರು ಲೀಟರಿಗೆ ಸ್ವಲ್ಪ ಹೆಚ್ಚು ಹಾಕಿದರೆ ಅದೇ ಕೆಲಸ ಸಂಜೆಯೊಳಗೆ ಆಗುತ್ತದೆ. ಕ್ಯಾನ್ ಅಂಗಡಿಯಲ್ಲಿ ಬಿಸಿಲಿಗೆ ಇಟ್ಟಿದ್ದಾದರೆ ಅದರ ಬಲ ಎಷ್ಟೋ ಇಳಿದಿರುತ್ತದೆ, ಹೊಸ ಸರಕು ಕೇಳಿ ತನ್ನಿ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಬೇಡ, ಅದರ ಸುಣ್ಣವೂ ಸೆಲ್ಲಿಗೇ ಹೋಗುತ್ತದೆ. ಹೈಪೋ, ಆಸಿಡ್, ಮಾತ್ರೆ ಮೂರನ್ನೂ ಬೇರೆ ಬೇರೆ ಇಡಿ. ಒಂದರ ಅಳತೆಯ ಪಾತ್ರೆಯನ್ನು ಇನ್ನೊಂದಕ್ಕೆ ಬಳಸಬೇಡಿ. ಹೈಪೋ ಮತ್ತು ಆಸಿಡ್ ಸೇರಿದರೆ ವಿಷದ ಗಾಳಿ ಏಳುತ್ತದೆ, ಹೈಪೋ ಮತ್ತು ಮಾತ್ರೆ ಸೇರಿದರೆ ಸಿಡಿಯಬಹುದು.

ಆ ದಿನಗಳಲ್ಲಿ ಪಂಪು ಹಗಲೂ ರಾತ್ರಿ ಓಡಲಿ, ಗೋಡೆ ಮೆಟ್ಟಿಲುಗಳನ್ನು ಬ್ರಷ್‌ನಿಂದ ಉಜ್ಜಿ, ಕೊಳವನ್ನು ಅತಿಥಿಗಳಿಗೆ ಮುಚ್ಚಿಡಿ. ಕ್ಲೋರಿನ್ ಇಳಿದಂತೆಲ್ಲ ಮತ್ತೆ 14ಕ್ಕೆ ತನ್ನಿ. ಮುಗಿಯಿತೆಂದು ತಿಳಿಯುವುದಕ್ಕೆ ನೀರು ತಿಳಿಯಾದರೆ ಸಾಲದು. ಕತ್ತಲಾದ ಮೇಲೆ ಸೆಲ್ ಆರಿಸಿ ಕ್ಲೋರಿನ್ ಅಳೆಯಿರಿ. ಸೂರ್ಯ ಹುಟ್ಟುವ ಮೊದಲು ಮತ್ತೆ ಅಳೆಯಿರಿ. ರಾತ್ರಿಯಲ್ಲಿ ಬಿಸಿಲಿಲ್ಲ, ಈಜುವವರಿಲ್ಲ. ಆದರೂ 1 ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ತಿಂದವರು ಇನ್ನೂ ಒಳಗಿದ್ದಾರೆ ಎಂದರ್ಥ. ಅಂದ ಹಾಗೆ, ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ಟಿನಲ್ಲಿ ಕ್ಲೋರಿನ್ ತೀರಾ ಹೆಚ್ಚಿದ್ದರೆ ಬಣ್ಣ ಬಂದ ಕೂಡಲೇ ಹಾರಿಹೋಗಿ ಸೊನ್ನೆಯಂತೆ ಕಾಣುತ್ತದೆ. ಶುದ್ಧ ನೀರು ಬೆರೆಸಿ ತೆಳುಮಾಡಿ ಇನ್ನೊಮ್ಮೆ ನೋಡಿ. ಹಳದಿ ಬಣ್ಣದ ಅಗ್ಗದ ಕಿಟ್ ಒಟ್ಟು ಕ್ಲೋರಿನ್ ತೋರಿಸುತ್ತದೆಯೇ ಹೊರತು ಮುಕ್ತ ಕ್ಲೋರಿನ್ ಅಲ್ಲ.

ಈಗ ನೀವು ನಿಜವಾಗಿ ಕೇಳಿದ್ದಕ್ಕೆ ಬರುತ್ತೇನೆ. ಪಾಚಿ ಹೋಗಿ, ಸ್ಟೆಬಿಲೈಜರ್ 65ಕ್ಕೆ ಬಂದ ಮೇಲೆ ಬೇಸಿಗೆಯ ಖರ್ಚು ದಿನಕ್ಕೆ 3 ಪಿಪಿಎಂ ಎಂದು ಹಿಡಿಯೋಣ. ಅದು 135 ಗ್ರಾಂ. ಪಂಪನ್ನು 10 ಗಂಟೆ ಓಡಿಸಿ, ಯಂತ್ರವನ್ನು 70ಕ್ಕೆ ಇಟ್ಟರೆ 140 ಗ್ರಾಂ ಸಿಗುತ್ತದೆ. 8 ಗಂಟೆ ಸಾಕೆಂದರೆ 85ಕ್ಕೆ ಇಡಬೇಕು. ಅದೂ ಆಗುತ್ತದೆ, ಆದರೆ ರಜೆಯ ವಾರದಲ್ಲಿ ಕೊಳ ತುಂಬಿದಾಗ ಏರಿಸಲು ಹೆಚ್ಚು ಜಾಗ ಉಳಿಯುವುದಿಲ್ಲ. 7 ಗಂಟೆಗಿಂತ ಕೆಳಗೆ ಬಂದರೆ ನಿಮ್ಮ ಸೆಲ್ 100ರಲ್ಲಿದ್ದರೂ ಮುಟ್ಟುವುದಿಲ್ಲ. ಪರ್ಸೆಂಟ್ ಇಳಿಸಿ ಗಂಟೆ ಹೆಚ್ಚಿಸಿದರೆ ಸೆಲ್ ಬಾಳಿಕೆ ಬರುತ್ತದೆ ಎನ್ನುವವರಿದ್ದಾರೆ. ಅಷ್ಟೇ ಗ್ರಾಂ ತೆಗೆಯುವುದಾದರೆ ತಗಡು ದುಡಿಯುವ ಗಂಟೆಗಳೂ ಅಷ್ಟೇ, ಪಂಪಿನ ಬಿಲ್ ಮಾತ್ರ ಏರುತ್ತದೆ.

ಬಿಲ್ಲಿನ ವಿಷಯ ಅಡಗಿಸುವುದಿಲ್ಲ. 1 ಎಚ್‌ಪಿ ಪಂಪು ಗಂಟೆಗೆ ಹೆಚ್ಚುಕಡಿಮೆ ಒಂದು ಯುನಿಟ್ ತಿನ್ನುತ್ತದೆ. ಐದು ಗಂಟೆ ಹೆಚ್ಚಿಸಿದರೆ ತಿಂಗಳಿಗೆ 150 ಯುನಿಟ್ ಹೆಚ್ಚು. ಪಾಚಿ ಬಂದ ಕೊಳವನ್ನು ತೊಳೆಸುವ ಖರ್ಚನ್ನು, ನಾಲ್ಕು ದಿನ ಮುಚ್ಚಿದ್ದಕ್ಕೆ ಕೈತಪ್ಪಿದ ಬುಕಿಂಗನ್ನು ಪಕ್ಕದಲ್ಲಿಟ್ಟು ನೋಡಿ. ಈ ಪಂಪು ಹಳತಾದಾಗ ವೇಗ ಬದಲಿಸಬಲ್ಲ ಪಂಪನ್ನು ತನ್ನಿ. ವೇಗ ಅರ್ಧಕ್ಕಿಳಿದರೆ ನೀರಿನ ಹರಿವು ಅರ್ಧವಾಗುತ್ತದೆ, ಕರೆಂಟಿನ ಬಳಕೆ ಸಿದ್ಧಾಂತದ ಪ್ರಕಾರ ಎಂಟನೆಯ ಒಂದಕ್ಕೆ ಇಳಿಯುತ್ತದೆ. ಸೆಲ್ಲಿನ ಹರಿವಿನ ಸ್ವಿಚ್ (ನೀರು ಹರಿಯದಿದ್ದರೆ ಸೆಲ್ಲನ್ನು ನಿಲ್ಲಿಸುವಂಥದ್ದು) ಒಪ್ಪುವಷ್ಟು ನೀರು ಹರಿಯುತ್ತಿದ್ದರೆ ದಿನವಿಡೀ ನಿಧಾನವಾಗಿ ಓಡಿಸಬಹುದು. ಆ ಸ್ವಿಚ್ಚನ್ನು ಕಿರಿಕಿರಿಯೆಂದು ಯಾರಾದರೂ ತಂತಿ ಸೇರಿಸಿ ಮುಚ್ಚಿಹಾಕಲು ಬಂದರೆ ಗೇಟಿನಿಂದಲೇ ಕಳಿಸಿ. ಸೆಲ್ಲಿನಲ್ಲಿ ಹೈಡ್ರೋಜನ್ ಹುಟ್ಟುತ್ತದೆ, ನೀರು ನಿಂತ ಕೊಳವೆಯಲ್ಲಿ ಅದು ಶೇಖರವಾದರೆ ಒಡೆದುಹೋದೀತು.

ಗಂಟೆಗಳನ್ನು ಎರಡು ಪಾಲು ಮಾಡಿ: ಬೆಳಿಗ್ಗೆ 5ರಿಂದ 10, ಸಂಜೆ 4ರಿಂದ 9. ಸಂಜೆಯ ಪಾಲು ರಾತ್ರಿಯಿಡೀ ಉಳಿದುಕೊಳ್ಳುತ್ತದೆ, ಬೆಳಗಿನದು ಹಗಲಿಗೆ ಆಗುತ್ತದೆ. ಛಾವಣಿಯ ಮೇಲೆ ಸೋಲಾರ್ ಇದ್ದರೆ ಲೆಕ್ಕ ಬೇರೆ, ಆಗ ನಡುಹಗಲೇ ಅಗ್ಗ. ಪ್ರತಿದಿನ ಒಂದೇ ಹೊತ್ತಿಗೆ, ಸೂರ್ಯ ಮುಳುಗುವಾಗ, ಅಳೆದು ಬರೆದಿಡಿ. 10 ಗಂಟೆ ಓಟದಲ್ಲಿ 10 ಪರ್ಸೆಂಟ್ ಎಂದರೆ 20 ಗ್ರಾಂ, ಅರ್ಧ ಪಿಪಿಎಂಗಿಂತಲೂ ಸ್ವಲ್ಪ ಕಡಿಮೆ. ಅಷ್ಟೇ ಬದಲಿಸಿ ಮೂರು ದಿನ ಕಾಯಿರಿ. ಬೆಳಿಗ್ಗೆ ಒಬ್ಬರು ಏರಿಸಿ, ಸಂಜೆ ಇನ್ನೊಬ್ಬರು ಇಳಿಸುವ ಮನೆಗಳಲ್ಲಿ ನೀರು ಎಂದೂ ನೆಟ್ಟಗಾಗುವುದಿಲ್ಲ.

ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ) ಬಗ್ಗೆ ಒಂದೆರಡು ಮಾತು ಸಾಕು. ಈ ಯಂತ್ರಗಳಿರುವ ಕೊಳದಲ್ಲಿ ಅದು ಏರುತ್ತಲೇ ಇರುತ್ತದೆ, 7.8 ದಾಟಿದಾಗ ಆಸಿಡ್ ಹಾಕಿ 7.5ಕ್ಕೆ ತನ್ನಿ. ಕ್ಷಾರತೆಯನ್ನು (ಅಂಗಡಿಯ ಕಿಟ್ಟಿನಲ್ಲಿ ಆಲ್ಕಲಿನಿಟಿ) 60–80 ಪಿಪಿಎಂನಲ್ಲಿ ಇಟ್ಟರೆ ಏರಿಕೆಯ ವೇಗ ತಗ್ಗುತ್ತದೆ. ಕೊಳಕ್ಕೆ ತುಂಬುವ ಬಾವಿನೀರನ್ನೂ ಒಮ್ಮೆ ಪರೀಕ್ಷಿಸಿ. ಗಜನಿ ಬಯಲಿಗೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಿಗೆ) ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ತಾನಾಗಿಯೇ ಬಂದಿರುತ್ತದೆ. ಚಿರೇಕಲ್ಲಿನ ನೆಲದ ಬಾವಿಗಳಲ್ಲಿ ಕಬ್ಬಿಣ ಇರಬಹುದು, ಕ್ಲೋರಿನ್ ಬಿದ್ದ ಕೂಡಲೇ ನೀರು ಚಹಾದ ಬಣ್ಣಕ್ಕೆ ತಿರುಗುವುದು ಅದರ ಗುರುತು.

ಕಾರವಾರದ ಕಡೆ ಒಮ್ಮೆ ಒಂದು ಕೊಳ ನೋಡಲು ಕರೆದಿದ್ದರು. ಉಪ್ಪು ಸರಿ, ಸೆಲ್ ಹೊಸದು, ಲೆಕ್ಕವೆಲ್ಲ ಸರಿ, ಆದರೂ ಕ್ಲೋರಿನ್ ನಿಲ್ಲುತ್ತಿರಲಿಲ್ಲ. ಎರಡು ಗಂಟೆ ತಲೆ ಕೆರೆದುಕೊಂಡ ಮೇಲೆ ಪಂಪಿನ ಟೈಮರಿನ ಕಡೆ ಕಣ್ಣು ಹೋಯಿತು. ನಡುಮಧ್ಯಾಹ್ನ, ಅದರ ಚಕ್ರ ಬೆಳಗಿನ ಜಾವ ನಾಲ್ಕು ತೋರಿಸುತ್ತಿತ್ತು. ಕರೆಂಟ್ ಹೋದಾಗಲೆಲ್ಲ ಆ ಮುಳ್ಳಿನ ಟೈಮರೂ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದಲೇ ಹೊರಡುತ್ತದೆ. ಪಂಪು ತನ್ನ ಪಾಡಿಗೆ ನಡುಹಗಲು ಎದ್ದು ಸಂಜೆ ಮಲಗುತ್ತಿತ್ತು. ಕರೆಂಟ್ ಹೋದಷ್ಟು ಹೊತ್ತು ಅದೂ ಇಲ್ಲ. ನಿಮ್ಮದೂ ಅಂಥದ್ದೇ ಆಗಿದ್ದರೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿಸಿ.

ಮಳೆಗಾಲಕ್ಕೆ ಈ ಲೆಕ್ಕವೆಲ್ಲ ತಲೆಕೆಳಗು. ನಮ್ಮ ಕರಾವಳಿಯಲ್ಲಿ ಜುಲೈ ಒಂದೇ ತಿಂಗಳಿಗೆ ಒಂದು ಮೀಟರ್ ಆಸುಪಾಸು ಮಳೆ ಬೀಳುತ್ತದೆ, ನಿಮ್ಮ ಕೊಳದ ಸರಾಸರಿ ಆಳವೇ 1.4 ಮೀಟರ್. ಬಿದ್ದ ಮಳೆಯೆಲ್ಲ ಬೆರೆತು ಹೊರಚೆಲ್ಲಿದರೆ ತಿಂಗಳ ಕೊನೆಗೆ ಉಪ್ಪು, ಸ್ಟೆಬಿಲೈಜರ್ ಎರಡೂ ಅರ್ಧಕ್ಕೆ ಬರುತ್ತವೆ. ಮಳೆನೀರು ಮೇಲೆಯೇ ತೇಲಿ ಹರಿದುಹೋಗುವುದರಿಂದ ವಾಸ್ತವದಲ್ಲಿ ನಷ್ಟ ಕೊಂಚ ಕಡಿಮೆ. ಜೋರು ಮಳೆಯ ಹೊತ್ತಿನಲ್ಲಿ ಪಂಪು ಆರಿಸಿದ್ದರೆ ಇನ್ನೂ ಕಡಿಮೆ. ಬಿಸಿಲಿಲ್ಲದ್ದರಿಂದ ಖರ್ಚೂ ಇಳಿಯುತ್ತದೆ. ಉಪ್ಪು ಇರುವವರೆಗೆ 6–7 ಗಂಟೆ, 50 ಪರ್ಸೆಂಟ್ ಸಾಕು. ಉಪ್ಪು ಕಡಿಮೆ ಎಂದು ಯಂತ್ರ ನಿಂತರೆ ಸೆಲ್ ಆರಿಸಿ, ದ್ರವ ಕ್ಲೋರಿನ್ನಿನಲ್ಲಿ ದಿನ ದೂಡಿ. ಜುಲೈನಲ್ಲಿ ಕೊಳಕ್ಕೆ ಉಪ್ಪು ಸುರಿಯುವುದೂ ಒಂದೇ, ಅಘನಾಶಿನಿ ಹೊಳೆಗೆ ಸುರಿಯುವುದೂ ಒಂದೇ. ಗುಡುಗು ಸಿಡಿಲಿನ ಸಂಜೆಗಳಲ್ಲಿ ಯಂತ್ರದ ಮೇನ್ ತೆಗೆದಿಡಿ. ದಸರೆ ಕಳೆದು ಮಳೆ ಹಿಂದೆ ಸರಿದ ಮೇಲೆ ಉಪ್ಪನ್ನು ಅಳೆದು, ಕೊರತೆಯ ಪಿಪಿಎಂ ಅನ್ನು ಗೋಡೆಯ ಮೇಲಿನ ಆ 45ರಿಂದ ಗುಣಿಸಿದರೆ ಎಷ್ಟು ಗ್ರಾಂ ಉಪ್ಪು ಬೇಕೆಂದು ಬರುತ್ತದೆ. ಅದರ ಮುಕ್ಕಾಲು ಪಾಲು ಹಾಕಿ, ಸೆಲ್ ಆರಿಸಿಯೇ ಒಂದು ದಿನ ಪಂಪು ಓಡಿಸಿ, ಮತ್ತೆ ಅಳೆದು ಉಳಿದದ್ದನ್ನು ಹಾಕಿ.